ಅಜ್ಜನ ದೊಡ್ಡ ಗುಂಡಿ

“ಸೌಂಡ್ ಬಂತಾ?” ಅಜ್ಜ ಮತ್ತೆ ಕೇಳಿದರು.

“ಇರಿ ಅಜ್ಜ, ಬರುತ್ತೆ!” ಎಂದಳು ಪುಟ್ಟಿ, ಆಂಪ್ಲಿಫೈಯರ್ ಹಿಂದಿನಿಂದ. ಅವಳ ಮೂಗಿಗೆಲ್ಲ ಜೇಡರ ಬಲೆ.

ಆಂಪ್ಲಿಫೈಯರ್ ಅಜ್ಜನದು. ಸೌಂಡ್ ಏರಿಸಿ ಇಳಿಸುವ ಅದರ ದೊಡ್ಡ ಗುಂಡಿಯನ್ನು ಅವರ ಹೊರತು ಯಾರೂ ಮುಟ್ಟುವ ಹಾಗಿರಲಿಲ್ಲ. ಟೇಪ್ ಪ್ಲೇಯರ್ ಕೆಟ್ಟ ಮೇಲೆ ಪಾಪ, ಅದು ಬಾಯಿ ಮುಚ್ಚಿ ಕೂತಿತ್ತು. “ಇವತ್ತು ಹಾಡಿದ್ರೆ ಸರಿ, ಇಲ್ಲಾಂದ್ರೆ ಗುಜರಿಗೆ,” ಎಂದು ಅಮ್ಮ ಹೇಳಿಯಾಗಿತ್ತು. ಗುಜರಿಯವನಿಗೆ ಫೋನೂ ಹೋಗಿತ್ತು.

ಅದಕ್ಕೇ ಚಿಕ್ಕಪ್ಪ ಒಂದು ಪುಟ್ಟ ಸ್ಟ್ರೀಮರ್ ತಂದಿದ್ದ. ಫೋನಿನ ಹಾಡನ್ನು ಗಾಳಿಯಲ್ಲೇ ಹಿಡಿದು ಆಂಪ್ಲಿಫೈಯರ್‌ಗೆ ಕೊಡುವ ಡಬ್ಬಿ ಅದು. “ನನ್ನ ಫೋನಿಗೆ ಕನೆಕ್ಟ್ ಮಾಡಿದ್ದೀನಿ. ವೈರ್ ನೀನು ಚುಚ್ಚು,” ಎಂದವನೇ ರೂಮು ಸೇರಿದ್ದ.

“ವೈರ್‌ಲೆಸ್ ಅಂದ್ಯಲ್ಲೇ, ಮತ್ತೆ ವೈರ್ ಯಾಕೆ?” ಎಂದರು ಅಜ್ಜ.

“ಗಾಳೀಲಿ ವೈರ್‌ಲೆಸ್ ಅಜ್ಜ. ಇಲ್ಲಿಗೆ ಬಂದ್ಮೇಲೆ ವೈರೇ!”

ಕೆಂಪು ಪಿನ್, ಬಿಳಿ ಪಿನ್, ಎರಡೂ ಕೂತವು. ಸದ್ದೇ ಇಲ್ಲ. ಪುಟ್ಟಿ ದೊಡ್ಡ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದಳು. “ಏಯ್, ಆ ಗುಂಡಿ...” ಎಂದು ಅಜ್ಜ ಕುರ್ಚಿಯಿಂದ ಅರ್ಧ ಎದ್ದರು. ಆಗ ಅವಳಿಗೆ ಪಕ್ಕದ ಸಣ್ಣ ಗುಂಡಿ ಕಂಡಿತು. ಅದಿನ್ನೂ ‘ಟೇಪ್’ ಕಡೆಗೇ ಇತ್ತು! ಹೊರಗಿನ ಡಬ್ಬಿಗಳಿಗೆಂದೇ ಇದ್ದ ‘ಆಕ್ಸ್’ ಕಡೆಗೆ ಟಕ್ಕೆಂದು ತಿರುಗಿಸಿದಳು.

“ಸರ್! ವಿಪರೀತ ಜ್ವರ ಸರ್! ಬಾಯಿಂದ ಮಾತೇ ಹೊರಡ್ತಿಲ್ಲ ಸರ್!”

ಕಿಟಕಿ ಗಾಜು ನಡುಗಿತು. ದನಿ ಚಿಕ್ಕಪ್ಪನದು. ರಜೆ ಕೇಳಲು ಮಾಡಿದ ವಾಯ್ಸ್ ಮೆಸೇಜನ್ನು, ಕಳಿಸುವ ಮುಂಚೆ ಒಮ್ಮೆ ಕೇಳಿ ನೋಡುತ್ತಿದ್ದ. ಬೀದಿಯೇ ಕೇಳಿತು.

“ಅಣ್ಣಾ, ಮಾತ್ರೆ ತಗೊಳ್ಳಿ!” ಎಂದು ಗೇಟಿನ ಬಳಿಯಿಂದ ಗುಜರಿಯವನು ಕೂಗಿದ.

“ಆಫ್ ಮಾಡೇ!” ಎನ್ನುತ್ತ ಚಿಕ್ಕಪ್ಪ ಎದ್ದೆನೋ ಬಿದ್ದೆನೋ ಎಂದು ಓಡಿಬಂದ. ಅಷ್ಟರಲ್ಲಿ ಅಜ್ಜ ದೊಡ್ಡ ಗುಂಡಿಯನ್ನು ಪೂರ್ತಿ ಇಳಿಸಿದ್ದರು.

ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಕೊಡಲ್ಲಪ್ಪ, ಹೋಗು. ಇದರ ಗಂಟಲು ನಮ್ಮೆಲ್ಲರಿಗಿಂತ ಗಟ್ಟಿಯಾಗಿದೆ,” ಎಂದು ಗುಜರಿಯವನನ್ನು ಕಳಿಸಿದರು.

ಪುಟ್ಟಿ ಕುಣಿದೇ ಕುಣಿದಳು. ಅಜ್ಜ ಮಾತ್ರ ಕುರ್ಚಿಗೆ ಮರಳಿದರು.

“ಇನ್ಮೇಲೆ ಹಾಡೂ ಫೋನಲ್ಲೇ, ಸೌಂಡ್ ಏರಿಸೋದೂ ಫೋನಲ್ಲೇ. ಒಳ್ಳೇದಾಯ್ತು ಬಿಡು.”

ಹಾಗೆಂದರೂ ಅವರ ಬೆರಳುಗಳು ಕುರ್ಚಿಯ ಕೈ ಮೇಲೆ ಮೆಲ್ಲಗೆ ತಿರುಗುತ್ತಿದ್ದವು, ಗುಂಡಿ ಹಿಡಿದ ಹಾಗೆ. ಪುಟ್ಟಿಯ ಕುಣಿತ ನಿಂತಿತು.

ಅವಳು ಚಿಕ್ಕಪ್ಪನ ಫೋನಿನಲ್ಲಿ ಅಜ್ಜನಿಗೆ ಇಷ್ಟವಾದ ಹಾಡು ಹಾಕಿದಳು. ಫೋನಿನ ಸೌಂಡನ್ನು ಪೂರ್ತಿ ಏರಿಸಿ, ದೂರದ ಮೇಜಿನ ಮೇಲಿಟ್ಟಳು.

“ಅಜ್ಜ, ಹಾಡು ಶುರುವಾಗಿದೆ. ಆದ್ರೆ ನಿಮ್ಮ ಗುಂಡಿ ಇಳಿದೇ ಇದೆ, ಯಾರಿಗೂ ಕೇಳಿಸ್ತಿಲ್ಲ. ಬನ್ನಿ.”

ಅಜ್ಜ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡು ಎದ್ದರು. ಪುಟ್ಟಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.