ಉಷಾಳನ್ನು ಹೊರದಬ್ಬಿದ ಪರದೆ

ಉಷಾ ಪಾಸ್‌ವರ್ಡ್ ಒತ್ತಿದಳು. ಪರದೆ ಕಪ್ಪಾಯಿತು. ಮೂರು ಕ್ಷಣ ಕಳೆದು ಮತ್ತೆ ಅದೇ ಲಾಗಿನ್ ಪರದೆ, ಏನೂ ಗೊತ್ತಿಲ್ಲದ ಹಾಗೆ ಹೆಸರು ಕೇಳುತ್ತ ನಿಂತಿತು. ಬೆಳಗ್ಗಿನಿಂದ ಇದು ಏಳನೆಯ ಸಲ.

"ತುಳಸಾಬಾಯಿ, ನನ್ನ ನೌಕರಿ ಹೋತ್ರಿ," ಎಂದಳು.

ಹೋಗುವಂಥದ್ದೇ. ಅಬಿಡ್ಸ್ ಪೇಟೆಯ ಆ ಡಿಸೈನ್ ಕಚೇರಿಯಲ್ಲಿ ಅವಳದು ಆರು ತಿಂಗಳ ಗುತ್ತಿಗೆ. ಹನ್ನೊಂದಕ್ಕೆ ಕಮಿಟಿ ಬಂದು ಅವಳ ಪಂಪಿನ ಡಿಸೈನ್ ಮೆಚ್ಚಿದರೆ ಕಾಯಂ, ಇಲ್ಲದಿದ್ದರೆ ಮನೆ. ಈಗ ಗಂಟೆ ಹತ್ತು.

"ಪಾಸ್‌ವರ್ಡ್ ಮರ್ತಾಳ. ದಸರಾ ರಜಾ ನೋಡ್ರಿ," ಎಂದು ವಿಭಾಗದ ಮುಖ್ಯಸ್ಥ ಸಿದ್ದರಾಮಪ್ಪ ಬಾಗಿಲಲ್ಲೇ ನಿಂತು ನಕ್ಕರು.

ಕಚೇರಿಯ ಯುನಿಕ್ಸ್ ಕಂಪ್ಯೂಟರುಗಳನ್ನು ಹದಿನಾಲ್ಕು ವರ್ಷದಿಂದ ಸಾಕಿದ ತುಳಸಾಬಾಯಿಗೆ ಆ ನಗು ಚೆನ್ನಾಗಿ ಗೊತ್ತು. ಐದು ವರ್ಷದ ಹಿಂದೆ ತಾವೇ ಅಳಿಸಿದ ಫೈಲುಗಳ ತಪ್ಪನ್ನು ಆಕೆಯ ತಲೆಗೆ ಕಟ್ಟಿ ಬಡ್ತಿ ತಪ್ಪಿಸಿದಾಗಲೂ ಅವರು ಹೀಗೇ ನಕ್ಕಿದ್ದರು. ಆ ಸಿಟ್ಟು ಇನ್ನೂ ಆರಿರಲಿಲ್ಲ. ಆರಿಸುವ ಮನಸ್ಸೂ ಆಕೆಗಿರಲಿಲ್ಲ.

"ಬೇಕಂತ ತಪ್ಪು ಪಾಸ್‌ವರ್ಡ್ ಹೊಡಿ," ಎಂದು ತುಳಸಾಬಾಯಿ ಉಷಾಳಿಗೆ ಹೇಳಿದರು.

ಉಷಾ ಹೊಡೆದಳು. ಲಾಗಿನ್ ತಪ್ಪೆಂಬ ಸಾಲು ಮೂಡಿತು.

"ಮರ್ತಿದ್ದರ ಹಿಂಗ ಹೇಳತಿತ್ತು. ನಿನ್ನ ಪಾಸ್‌ವರ್ಡ್ ಸರಿ ಐತಿ. ಒಳಗ ಬಿಟ್ಟು ಆಮ್ಯಾಲ ಹೊರಗ ದಬ್ಬಾಕತ್ತೈತಿ."

* * *

ಪರದೆಯ ಕೆಳಗಿನ ಪಟ್ಟಿಯಲ್ಲಿ ತುಳಸಾಬಾಯಿ, ತೊಂದರೆಯಾದಾಗ ಬಳಸುವ 'ಫೇಲ್‌ಸೇಫ್' ಆರಿಸಿದರು. ಉಷಾ ಪಾಸ್‌ವರ್ಡ್ ಒತ್ತಿದಾಗ ಈ ಸಲ ಅಲಂಕಾರವಿಲ್ಲದ ಒಂದೇ ಕಿಟಕಿ ತೆರೆಯಿತು. ಉಷಾಳ ಫೈಲುಗಳ ನಡುವೆ ಹೊಸದೊಂದಿತ್ತು. ಲಾಗಿನ್ ಆದ ಕೂಡಲೇ ಯಂತ್ರ ಓದುವ ಫೈಲು ಅದು. ಒಳಗೆ ಒಂದೇ ಆಜ್ಞೆ: ಹೊರಗೆ ಹೋಗು.

"ಇದನ್ನ ನೀ ಬರದೀಯೇನು?"

"ಇಲ್ಲರಿ."

ಬರೆದವರ ಹೆಸರಿನ ಜಾಗದಲ್ಲಿ 'ರೂಟ್'. ಸಮಯ, ಗುರುವಾರ ಮಧ್ಯಾಹ್ನ ಮೂರು ನಲವತ್ತು.

ರೂಟ್ ಅಂದರೆ ಯಂತ್ರದ ಯಜಮಾನ. ಅದರ ಪಾಸ್‌ವರ್ಡ್ ಗೊತ್ತಿದ್ದವರು ಮೂವರೇ: ತುಳಸಾಬಾಯಿ, ಸಿದ್ದರಾಮಪ್ಪ ಮತ್ತು ಎಂಜಿನಿಯರ್ ಪ್ರಹ್ಲಾದ. ಅದೂ ಎಸಿ ಕೋಣೆಯಲ್ಲಿ ಮುಖ್ಯ ಯಂತ್ರದ ಕನ್ಸೋಲಿನ ಮುಂದೆ ಕೂತರೆ ಮಾತ್ರ ಒಳಗೆ ಹೋಗಬಹುದು. ಗುರುವಾರ ಆಯುಧಪೂಜೆ. ಪೂಜೆಯಾದ ಮೇಲೆ ಯಂತ್ರ ಮುಟ್ಟುವ ಪದ್ಧತಿ ಅಲ್ಲಿಲ್ಲ. ಎಲ್ಲರೂ ಒಂದು ಗಂಟೆಗೇ ಹೊರಟಿದ್ದರು.

ಪ್ರಹ್ಲಾದ ಹಿಂದಿನ ವಾರ ಕ್ಯಾಂಟೀನಿನಲ್ಲಿ ಉಷಾಳ ಮೇಲೆ ಹರಿಹಾಯ್ದಿದ್ದ. ತುಳಸಾಬಾಯಿ ಅವನನ್ನು ಕರೆದು ಕೇಳಿದರು.

"ಜಗಳಾ ಆಡಿದ್ದು ಖರೇರಿ," ಎಂದ. "ಗುರುವಾರ ಮಾತ್ರ ನಾ ಕಾಚಿಗೂಡಾ ಸ್ಟೇಶನ್ನಿನಾಗ ಅವ್ವನ್ನ ಗಾಡಿ ಹತ್ತಸಲಿಕ್ಕೆ ಹೋಗಿದ್ದೆ."

ತುಳಸಾಬಾಯಿ ಎಸಿ ಕೋಣೆಗೆ ಹೋಗಿ ಕನ್ಸೋಲಿನ ಕೀಲಿಮಣೆ ನೋಡಿದರು. ಎರಡು ಸಲ ನೋಡಿದರು.

* * *

ಹತ್ತು ಐವತ್ತಕ್ಕೆ ಎಲ್ಲರನ್ನೂ ಅಲ್ಲಿಗೇ ಕರೆದರು.

"ಗುರುವಾರ ಈ ಕೀಲಿಮಣಿಗೆ ಅರಿಷಿಣ ಕುಂಕುಮ ಹಚ್ಚಿದಾಕಿ ನಾನು. ಈಗ ಏನೈತಿ?"

ಎಲ್ಲರೂ ಬಗ್ಗಿ ನೋಡಿದರು. ಕುಂಕುಮವಿರಲಿಲ್ಲ. ಮೂರು ಬೆರಳಿನಿಂದ ಎಳೆದ ವಿಭೂತಿಯ ಪಟ್ಟೆಗಳಿದ್ದವು.

"ಪ್ರಹ್ಲಾದ, ನಿಮ್ಮನ್ಯಾಗ ವಿಭೂತಿ ಹಚ್ಚತಾರೇನು?"

"ಇಲ್ರಿ. ಗೋಪೀಚಂದನ."

ಎಲ್ಲರ ಕಣ್ಣು ಸಿದ್ದರಾಮಪ್ಪನವರ ಹಣೆಯ ವಿಭೂತಿಗೆ ಹೋಯಿತು.

"ಕೈಗೆ ಕುಂಕುಮ ಹತ್ತತೈತಂತ ಒರಸಿದ್ರಿ, ಸಾಹೇಬ್ರ. ಕೆಲಸಾ ಮುಗದ ಮ್ಯಾಲ ಪೂಜಾ ಮಾಡಿದ್ದನ್ನ ಬೋಳು ಬಿಡಾಕ ಅಂಜಿದ್ರಿ. ನಿಮ್ಮ ಡ್ರಾವರಿನಾಗ ಇದ್ದದ್ದು ವಿಭೂತಿ. ರೂಢಿ ಪ್ರಕಾರ ಹಚ್ಚಿದ್ರಿ. ಹುಡುಗಿ ಹೊಟ್ಟಿ ಮ್ಯಾಲ ಹೊಡಿಯಾಕ ಮಾತ್ರ ಅಂಜಿಕಿ ಬರಲಿಲ್ಲ."

"ಡಿಸೈನಿನ ಮ್ಯಾಲ ತಮ್ಮ ಹೆಸರೂ ಹಾಕು ಅಂತ ಸಾಹೇಬ್ರು ಅಂದಿದ್ರು," ಎಂದಳು ಉಷಾ. "ಒಲ್ಲೆ ಅಂದಿದ್ದೆ."

ಸಿದ್ದರಾಮಪ್ಪ ಬೆವರು ಒರೆಸಿಕೊಂಡರು. "ಆ ಫೈಲು ಅಳಿಸಿಬಿಡ್ರಿ, ಬಾಯಾರ. ಇಲ್ಲಿಗೇ ಮುಗಸೋಣು. ಕಮಿಟಿಗೆ ತಿಳಿಯೋದು ಬ್ಯಾಡ."

"ನಂದು ಐದು ವರ್ಷದಿಂದ ಮುಗದಿಲ್ಲರಿ."

ಹೊರಗೆ ಕಮಿಟಿಯ ಮೂವರ ಹೆಜ್ಜೆ ಕೇಳಿಸಿತು. ತುಳಸಾಬಾಯಿ ತಾವೇ ಎದುರು ಹೋಗಿ ಕರೆತಂದು ಉಷಾಳ ಯಂತ್ರದ ಮುಂದೆ ಕೂರಿಸಿದರು. ನಡೆದದ್ದನ್ನು ನಾಲ್ಕು ಮಾತಲ್ಲಿ ಹೇಳಿದರು. ಫೈಲನ್ನು ಅಳಿಸಿರಲಿಲ್ಲ.

ಉಷಾ ಇನ್ನೊಂದು ಕುರ್ಚಿ ಎಳೆದಳು.

"ಸರ್, ನೀವು ಕುಂದರ್ರಿ. ನೀವು ಬರೆದದ್ದು ನೀವ ತೆಗದು ತೋರಸ್ರಿ. ನನ್ನ ಡಿಸೈನು ನಾ ಆಮ್ಯಾಲ ತೋರಸ್ತೀನಿ."

ಸಿದ್ದರಾಮಪ್ಪ ಕೂತರು. ಕಮಿಟಿಯ ಕಣ್ಣೆದುರೇ ಅವರು ಒಂದೊಂದು ಕೀಲಿ ಒತ್ತಿ ತಮ್ಮ ಆಜ್ಞೆ ಅಳಿಸುವುದನ್ನು ತುಳಸಾಬಾಯಿ ಕಣ್ತುಂಬ ನೋಡಿದರು.