ಓಟು ಹಾಕದ ಸೊಸೆ

"ತೆಗಿಯೇ ಟ್ರಂಕು! ಆ ಸೀರೆ ಎಲ್ಲಿ ಬಚ್ಚಿಟ್ಟಿದೀಯ, ನಾನೂ ನೋಡ್ತೀನಿ!"

ಹನುಮಕ್ಕನ ಕೂಗು ಕಾಮಾಕ್ಷಿಪಾಳ್ಯದ ಆ ಶೀಟಿನ ಮನೆಗಳ ಸಾಲಿಗೆಲ್ಲ ಕೇಳಿಸಿತು. ಎಪ್ಪತ್ತೆಂಟರ ವಿಧಾನಸಭೆ ಚುನಾವಣೆಯ ದಿನ, ಸಾಯಂಕಾಲ ನಾಲ್ಕು ಗಂಟೆ. ಅವಳೂ ಮಗ ನಾಗರಾಜುವೂ ಬೆಳಗ್ಗೆಯೇ ಓಟು ಹಾಕಿದ್ದರು. ಸೊಸೆ ಕೋಕಿಲಾ ಮಾತ್ರ ಹೊಟ್ಟೆನೋವು ಅಂತ ಮಲಗಿಬಿಟ್ಟಿದ್ದಳು. ಹೊಟ್ಟೆನೋವಂತೆ! ಹೊಟ್ಟೆನೋವಿದ್ದವಳು ಬೆಳಗ್ಗೆ ಆರು ಕೊಡ ನೀರು ಹೊರುತ್ತಾಳೆಯೇ? ಮತಗಟ್ಟೆಗೆ ಹೋಗದೆ ಮನೆಯಲ್ಲೇ ಕೂತಿರಲಿ ಅಂತ ಎದುರು ಪಕ್ಷದವರು ಹೆಂಗಸರಿಗೆ ಗುಟ್ಟಾಗಿ ಸೀರೆ ಹಂಚಿದ್ದಾರೆಂದು ಲೀಡರ್ ಮುನಿರಾಮಯ್ಯ ನಿನ್ನೆಯೇ ಕಿವಿ ಊದಿದ್ದ. ಈ ಮನೆಯ ಮೂರು ಓಟಲ್ಲಿ ಒಂದು ತಪ್ಪಿದರೂ ಜಾಗದ ಹಕ್ಕುಪತ್ರ ಮರೆತುಬಿಡು ಎಂದೂ ಹೇಳಿದ್ದ. ಇರುವುದೊಂದು ನೆಲೆ... ಅದನ್ನೂ ಒಂದು ಸೀರೆಗೆ ಮಾರಿಕೊಂಡಳೇ ಈ ಮನೆಹಾಳಿ!

"ಬೇಡಿ ಅತ್ತೆ... ನಿಮ್ಮ ಕಾಲಿಗೆ ಬೀಳ್ತೀನಿ, ತೆಗೀಬೇಡಿ!"

ಬೇಡ ಅಂದಷ್ಟೂ ಹನುಮಕ್ಕನ ಅನುಮಾನ ಬಲವಾಯಿತು. ಟ್ರಂಕನ್ನು ಎಳೆದು ನೆಲಕ್ಕೆ ಸುರಿದಳು. ಎರಡು ಹಳೇ ಸೀರೆ, ಒಂದು ರವಿಕೆ, ಒಂದು ಬಟ್ಟೆಗಂಟು. "ಇದೇನೇ ಕಳ್ಳಿ?" ಎಂದು ಗಂಟು ಬಿಚ್ಚಿದರೆ, ಒಳಗಿದ್ದದ್ದು ಒಂದು ಕುಲಾವಿ! ತಾನೇ ಮೊಮ್ಮಗನಿಗೆ ಹೊಲಿದದ್ದು. ಎರಡು ತಿಂಗಳ ಹಿಂದೆ ವಾಂತಿಭೇದಿಯಾಗಿ, ಎಂಟು ತಿಂಗಳಿಗೇ ಕಣ್ಣುಮುಚ್ಚಿದ ಕಂದ...

"ಹೋದ ವರ್ಷ ದಿಲ್ಲಿ ಎಲೆಕ್ಷನ್ನಿಗೆ ಓಟು ಕೇಳೋಕೆ ಬಂದಾಗ ಪಾಪು ನನ್ನ ಹೊಟ್ಟೇಲಿತ್ತು ಅತ್ತೆ," ಕೋಕಿಲಾ ಬಿಕ್ಕಿದಳು. "ಹೆರಿಗೆ ಆಗೋದ್ರೊಳಗೆ ನಲ್ಲಿ ಹಾಕಿಸ್ತೀನಿ ತಾಯಿ ಅಂದ್ರು ಮುನಿರಾಮಯ್ಯನವರು. ನಂಬಿಕೊಂಡು ತುಂಬಿದ ಬಸುರಿ ಕ್ಯೂನಲ್ಲಿ ನಿಂತೆ. ನಲ್ಲಿ ಬಂತಾ? ಆ ಕೊಳಕು ಬಾವಿ ನೀರೇ ನನ್ನ ಮಗೂನ ನುಂಗ್ತು! ಈಗ ಎದುರು ಪಕ್ಷದವರೂ ಅದೇ ನಲ್ಲಿ ಅಂತಾರೆ. ನಾನು ಯಾರ್ನ ನಂಬಿ ಹಾಕ್ಲಿ?"

ಹನುಮಕ್ಕ ಕುಲಾವಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದಳು. ಅಷ್ಟರಲ್ಲಿ ಬಾಗಿಲ ಮುಂದೆ ಜಟಕಾ ಬಂದು ನಿಂತಿತು.

"ಹನುಮಕ್ಕಾ, ಇನ್ನು ಅರ್ಧ ಗಂಟೆ ಅಷ್ಟೇ. ಬೇಗ ಸೊಸೇನ ಹತ್ತಿಸು!" ಮುನಿರಾಮಯ್ಯ ಕೂತಲ್ಲಿಂದಲೇ ಕೂಗಿದ.

ಕೋಕಿಲಾ ಕಣ್ಣೊರೆಸಿಕೊಂಡು ಎದ್ದಳು. "ಹೋಗಿ ಬರ್ತೀನಿ ಅತ್ತೆ... ಮನೆಯಾದ್ರೂ ಉಳೀಲಿ."

ಹನುಮಕ್ಕ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು. ಅಯ್ಯೋ ಶಿವನೇ! ಒಂದೇ ಒಲೆಯ ಅನ್ನ ಉಣ್ಣುವವಳನ್ನು ಕಳ್ಳಿ ಅಂದೆ, ಈ ಮನುಷ್ಯನ ಮೇಲೆ ಒಂದು ದಿನವೂ ಅನುಮಾನ ಪಡಲಿಲ್ಲವಲ್ಲ!

"ಅವಳು ಬರಲ್ಲ ಮುನಿರಾಮಯ್ಯ."

"ಹಕ್ಕುಪತ್ರ ಬೇಡ್ವಾ?"

"ಮೂರು ಎಲೆಕ್ಷನ್ನಿಂದ ಅದನ್ನೇ ಹೇಳ್ತಿದೀಯ. ಒಂದ್ಸಲನಾದ್ರೂ ಕಣ್ಣಿಗೆ ತೋರಿಸಿದೀಯಾ?"

"ನಾಳೆ ಶೀಟು ಕಿತ್ತಾಕೋಕೆ ಬಂದ್ರೆ ನನ್ನ ಹತ್ರ ಅಳ್ಕೊಂಡು ಬರಬೇಡ!"

"ಬರಲ್ಲ, ಹೋಗಪ್ಪ."

ಜಟಕಾ ಹೊರಟುಹೋಯಿತು. ಕೋಕಿಲಾ ಮೆಲ್ಲಗೆ ಕೇಳಿದಳು, "ಅತ್ತೆ, ನಿಜವಾಗ್ಲೂ ಕಿತ್ತಾಕಿದ್ರೆ ಎಲ್ಲಿಗೆ ಹೋಗೋದು?"

ಹನುಮಕ್ಕನಿಗೂ ಗೊತ್ತಿರಲಿಲ್ಲ. "ಎಲ್ಲಿಗಾದ್ರೂ... ಒಟ್ಟಿಗೆ ಹೋಗೋಣ ಬಾರೇ," ಎಂದು ಸೊಸೆಯನ್ನು ತಬ್ಬಿಕೊಂಡಳು. ಮಗುವನ್ನು ಮಣ್ಣಿಗಿಟ್ಟ ದಿನ ಅಳದೆ ತಡೆದುಕೊಂಡಿದ್ದನ್ನೆಲ್ಲ ಈಗ ಅತ್ತಳು.