ಕಲ್ಲಿದ್ದಲು ಹಡಗಿನ ಕಳ್ಳ

"ಕಳ್ಳಾ...! ಹಿಡೀರಿ ಅವನನ್ನ, ಕಳ್ಳ!"

ನೀರಿನಿಂದ ತಲೆ ಎತ್ತಿದವಳೇ ದಾನ್‌ಬಿ ಕೂಗಿದ ಕೂಗಿಗೆ ಬಂದರಿನ ಹಕ್ಕಿಗಳೆಲ್ಲ ಎದ್ದು ಹಾರಿದವು.

ಎದುರಿಗೆ, ದೋಣಿಯ ಅಂಚು ಹಿಡಿದು ತೇಲುತ್ತಿದ್ದವನು ಮುಯೊಲ್. ಬೆನ್ನಿಗೆ ಗಾಳಿಯ ಸಿಲಿಂಡರ್. ಇನ್ನೊಂದು ಕೈಯಲ್ಲಿ ಜೋತುಬಿದ್ದ ಬಲೆಚೀಲ. ಬುಸಾನ್ ನಗರದಿಂದ ಬಂದು ಎರಡು ತಿಂಗಳಾಗಿತ್ತು ಅಷ್ಟೇ. ಪ್ರವಾಸಿಗರಿಗೆ ಮುಳುಗಿದ ಹಡಗು ತೋರಿಸುವುದು ಅವನ ಕೆಲಸ.

ತೋರಿಸಲಿ, ಯಾರು ಬೇಡ ಅಂದರು? ಆದರೆ ಗೊಸೊಂಗ್ ಕರಾವಳಿಯ ಈ ಹಳ್ಳಿಯಲ್ಲಿ ಒಂದು ಕಟ್ಟುಪಾಡಿದೆ. ಆರೇಳು ಮೀಟರ್ ಆಳದಲ್ಲಿ ಮಲಗಿರುವ ಆ ಕಲ್ಲಿದ್ದಲು ಹಡಗಿನ ಚಿಪ್ಪುಮೀನೆಲ್ಲ ಒಂದೇ ಉಸಿರಲ್ಲಿ ಮುಳುಗುವ ಹೆಂಗಸರಿಗೆ ಸೇರಿದ್ದು. ಸಿಲಿಂಡರ್ ಕಟ್ಟಿಕೊಂಡವರು ಖಾಲಿ ಚಿಪ್ಪನ್ನೂ ಮುಟ್ಟುವಂತಿಲ್ಲ!

"ನಾನೇನೂ ಕದ್ದಿಲ್ಲ ರೀ. ಬೇಕಿದ್ರೆ ಚೀಲ ಬಿಚ್ಚಿ ನೋಡಿ."

"ಇನ್ನೊಬ್ಬರ ಚೀಲಕ್ಕೆ ಇಣುಕೋ ಕೆಟ್ಟ ಬುದ್ಧಿ ನಮ್ಗಿಲ್ಲ! ಜೋತಾಡೋದು ನೋಡಿದ್ರೇ ಗೊತ್ತಾಗಲ್ವಾ, ಒಳಗೇನಿದೆ ಅಂತ?"

ಹೌದು, ತಕ್ಕಡಿಗೆ ಬೀಳುವ ಮುಂಚೆ ಬೇರೆಯವರ ಚೀಲದೊಳಗೆ ಕಣ್ಣು ಹಾಯಿಸುವುದೆಂದರೆ ಆ ಹೆಂಗಸರಿಗೆ ಕೆನ್ನೆಗೆ ಹೊಡೆದಷ್ಟೇ ಅವಮಾನ. ಜೋತಾಡುವ ಭಾರ ನೋಡಿಯೇ ಇವರು ಅಂದಾಜು ಕಟ್ಟುತ್ತಾರೆ. ದಾನ್‌ಬಿಯ ಅಂದಾಜು ಇದುವರೆಗೆ ತಪ್ಪಿದ್ದೇ ಇಲ್ಲ.

ಮುಯೊಲ್‌ನ ಮುಖ ಸಪ್ಪಗಾಯಿತು. "ಸರಿ... ನಿಮಗೆ ಹೇಗನ್ಸುತ್ತೋ ಹಾಗೇ ಇಟ್ಕೊಳ್ಳಿ."

ಅಷ್ಟೇ ಹೇಳಿ ದೋಣಿ ಹತ್ತಿಬಿಟ್ಟ.

'ಛೆ! ಕಳ್ಳನ ಕಣ್ಣು ಇಷ್ಟು ಚೆನ್ನಾಗಿರಬಾರದಿತ್ತು...' ದಾನ್‌ಬಿಯ ಎದೆಯಲ್ಲಿ ಏನೋ ಚುಚ್ಚಿತು. ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಆ ದೋಣಿ ಬಂತಾ ಅಂತ ಕದ್ದು ಕದ್ದು ನೋಡುತ್ತಿದ್ದವಳು ತಾನೇ. ಅದಕ್ಕೇ ಕೋಪವೂ ಎರಡು ಪಟ್ಟು!

ಸಂಜೆಯ ಹೊತ್ತಿಗೆ ಸುದ್ದಿ ಹಳ್ಳಿಯೆಲ್ಲ ಹರಡಿತು. ಮುಳುಗುವವರ ಗುಂಪಿಗೆ ಹಿರಿಯಳು ಒಕ್‌ಬುನ್ ಅಜ್ಜಿ. ಎಪ್ಪತ್ನಾಲ್ಕು ವಯಸ್ಸು, ಗಂಟಲು ಮಾತ್ರ ಇಪ್ಪತ್ತರದ್ದು.

"ನಾಳೆ ಮಧ್ಯಾಹ್ನ ತೀರ್ಮಾನ. ಈ ಹುಡುಗಿ ಹೇಳಿದ್ದು ನಿಜ ಆದ್ರೆ ಅವನು ಗಂಟುಮೂಟೆ ಕಟ್ಕೊಂಡು ಹೋಗ್ಬೇಕು. ಸುಳ್ಳಾದ್ರೆ ಹೇಳಿದವಳು ಒಂದು ತಿಂಗಳು ನೀರಿಗೆ ಇಳಿಯೋ ಹಾಗಿಲ್ಲ. ಕೇಳಿಸ್ತೇನೇ ದಾನ್‌ಬಿ?"

"ಕೇಳಿಸ್ತು ಅಜ್ಜಿ. ನಾನು ಕಣ್ಣಾರೆ ಕಂಡಿದ್ದೀನಿ!"

ಕಂಡಿದ್ದು ಚೀಲವನ್ನಲ್ಲವೇ? ಒಳಗಿದ್ದದ್ದನ್ನಲ್ಲವಲ್ಲ...

ಮರುದಿನ ಬೆಳಿಗ್ಗೆ ಎಂದಿನಂತೆ ಮುಳುಗಿದಳು. ಏಪ್ರಿಲ್ ಬಂದರೂ ಆ ಕಡಲಿಗೆ ಬಿಸಿಲು ತಾಕಿರುವುದಿಲ್ಲ. ಹಣೆ ಸಿಡಿಯುವಂಥ ಚಳಿ! ತುಕ್ಕು ಹಿಡಿದ ಕಂಬಿಗಳ ನಡುವೆ ನುಸುಳಿ, ಹಡಗಿನ ಬಾಯ್ಲರ್ ಹತ್ತಿರ ಬಂದಳು.

ಅಲ್ಲಿ ಯಾವುದೋ ಕಾಲದ ಹರಕು ಬಲೆ ಸಿಕ್ಕಿಕೊಂಡಿತ್ತು. ಹೋದ ಚಳಿಗಾಲದಲ್ಲಿ ಒಕ್‌ಬುನ್ ಅಜ್ಜಿಯ ಕಾಲು ಅದಕ್ಕೇ ಸುತ್ತಿಕೊಂಡಿತ್ತು. ದಾನ್‌ಬಿ ಕತ್ತರಿಸಿ ಬಿಡಿಸದಿದ್ದರೆ ಅಜ್ಜಿ ಇವತ್ತು ಇರುತ್ತಿರಲಿಲ್ಲ. ಆದರೂ ಕೊಬ್ಬಿದ ಚಿಪ್ಪುಗಳೆಲ್ಲ ಅದರ ಹಿಂದೆಯೇ ಇದ್ದುದರಿಂದ ಜೀವ ಕೈಯಲ್ಲಿ ಹಿಡಿದು ಹೋಗುತ್ತಲೇ ಇದ್ದಳು.

ಈಗ... ಬಲೆಯೇ ಇಲ್ಲ!

ಯಾರೋ ನೀಟಾಗಿ ಚಾಕುವಿನಿಂದ ಕೊಯ್ದು ತೆಗೆದಿದ್ದರು. ಅದರ ಹಿಂದಿದ್ದ ಚಿಪ್ಪುಗಳು ಹಾಗೇ ಅಂಟಿಕೊಂಡಿದ್ದವು. ಒಂದಾದರೂ ಕಡಿಮೆಯಾಗಿರಲಿಲ್ಲ.

ಮೇಲೆ ಬಂದವಳು ಬಟ್ಟೆ ಬದಲಿಸದೆಯೇ ದಡಕ್ಕೆ ಓಡಿದಳು. ಮೀನಿಗೆ ಮಂಜುಗಡ್ಡೆ ಇಡುವ ಕೋಣೆಯ ಹಿಂದೆ ಕೊಳೆತ ಬಲೆಯ ರಾಶಿ! ಅದರ ತುಂಬ ಬಲೆ ಮುಳುಗಲೆಂದು ಕಟ್ಟುವ ಸೀಸದ ಗುಂಡುಗಳು. ಪಕ್ಕದಲ್ಲೇ ಮುಯೊಲ್‌ನ ಚೀಲ ಒಣಗುತ್ತಿತ್ತು.

"ಅಯ್ಯೋ... ಸೀಸದ ಭಾರವಾ ಅದು!"

'ಎಂಥ ಕೆಲಸ ಮಾಡಿಬಿಟ್ಟೆ ನಾನು...!'

ಮಧ್ಯಾಹ್ನ ಮುಳುಗುವವರ ಗುಡಿಸಲಿನಲ್ಲಿ ಬೆಂಕಿಯ ಸುತ್ತ ಎಲ್ಲರೂ ಹಿರಿತನದ ಪ್ರಕಾರ ಕೂತರು. ಕಿರಿಯಳಾದ ದಾನ್‌ಬಿಯ ಜಾಗ ಬಾಗಿಲ ಬಳಿ, ಹೊಗೆ ಬರುವ ಕಡೆ. ಎಲ್ಲರೂ ಮಾತಾಡಿದ ಮೇಲೆ ಮಾತ್ರ ಅವಳ ಸರದಿ. ಆದರೆ ಇವತ್ತು ಮೊದಲು ಎದ್ದು ನಿಂತವಳು ಅವಳೇ.

"ಅಜ್ಜಿ... ಅವರು ಕಳ್ಳ ಅಲ್ಲ. ನಿಮ್ಮ ಕಾಲಿಗೆ ಸುತ್ಕೊಂಡಿತ್ತಲ್ಲ, ಆ ಬಲೆ ಕಿತ್ತು ತರ್ತಿದ್ರು. ತಪ್ಪು ನಂದು."

ಒಕ್‌ಬುನ್ ಅಜ್ಜಿ ಕೆಂಡ ಕೆದಕಿದಳು.

"ಒಂದು ತಿಂಗಳು ನೀರಿಲ್ಲ. ಒಳ್ಳೇ ಸುಗ್ಗಿ ಕಾಲ ಇದು, ಗೊತ್ತು ತಾನೆ?"

"ಗೊತ್ತು ಅಜ್ಜಿ."

"ಮತ್ತೆ ಕಂಬದ ಥರ ಯಾಕೆ ನಿಂತಿದ್ದೀಯ? ಆ ಹುಡುಗ ಆಗಲೇ ಸಾಮಾನು ಲಾರಿಗೆ ತುಂಬ್ತಿದ್ದಾನೆ. ಓಡೇ!"

"ಮುಖಕ್ಕೆ ಮಸಿ ಮೆತ್ಕೊಂಡಿದೆ, ಒರೆಸ್ಕೊಂಡು ಹೋಗು!" ಇನ್ನೊಬ್ಬಳು ಕೂಗಿದಳು. "ಎರಡು ತಿಂಗಳಿಂದ ಕತ್ತು ಉದ್ದ ಮಾಡಿ ನೋಡಿದ್ದು ನಮಗೇನು ಗೊತ್ತಿಲ್ವಾ!"

ಅಜ್ಜಿಯರೆಲ್ಲ ಬಿದ್ದು ಬಿದ್ದು ನಕ್ಕರು. ದಾನ್‌ಬಿ ಮಸಿ ಒರೆಸಲೂ ನಿಲ್ಲಲಿಲ್ಲ.

ದಡದಲ್ಲಿ ಮುಯೊಲ್ ಕೊನೆಯ ಸಿಲಿಂಡರ್ ಎತ್ತುತ್ತಿದ್ದ.

"ಇಳಿಸಿ ಅದನ್ನ!" ಏದುಸಿರು ಬಿಡುತ್ತಾ ಅಂದಳು. "ಕ್ಷಮಿಸಿ... ಎಲ್ಲರ ಮುಂದೆ ಒಪ್ಕೊಂಡು ಬಂದೆ. ನೀವು ಹೋಗ್ಬೇಡಿ."

ಅವನು ಸಿಲಿಂಡರ್ ಕೆಳಗಿಟ್ಟ. "ಆಯ್ತು. ನಿಮಗೇನಾದ್ರೂ ಶಿಕ್ಷೆ...?"

"ಒಂದು ತಿಂಗಳು ಮುಳುಗೋ ಹಾಗಿಲ್ಲ. ಅದು ಬಿಡಿ! ಬಲೆ ಕೀಳ್ತಿದ್ದೀನಿ ಅಂತ ಒಂದು ಮಾತು ಮೊದಲೇ ಹೇಳಬಾರದಿತ್ತಾ?"

"ಕೇಳಿದ್ರೆ ಅಜ್ಜಿಯರು ಚಿಪ್ಪಿರೋ ಕಡೆ ಕೈ ಹಾಕೋಕೂ ಬಿಡ್ತಿರ್ಲಿಲ್ಲ." ಅವನು ತಲೆ ತಗ್ಗಿಸಿದ. "ನೀವು ದಿನಾ ಆ ಬಲೆ ಹಿಂದೆ ಹೋಗ್ತಿದ್ರಿ. ನೀವು ಮುಳುಗಿದಾಗೆಲ್ಲ ದೋಣೀಲಿ ಕೂತು ನಾನೂ ಉಸಿರು ಹಿಡೀತಿದ್ದೆ. ನಲವತ್ತು ಎಣಿಸೋ ಅಷ್ಟರಲ್ಲಿ ನನಗೆ ಸಾಕಾಗೋದು... ನೀವು ಮಾತ್ರ ಬರ್ತಾನೇ ಇರ್ಲಿಲ್ಲ."

ದಾನ್‌ಬಿಯ ಕಣ್ಣು ತುಂಬಿತು. ಜೊತೆಗೇ ನಗುವೂ ಉಕ್ಕಿತು.

"ಬರೀ ನಲವತ್ತಾ?"

"ನಗಬೇಡ! ಜೀವ ಬಾಯಿಗೆ ಬರ್ತಿತ್ತು ನನಗೆ..." ಬಹುವಚನ ಎಲ್ಲಿಗೋ ಹಾರಿಹೋಗಿತ್ತು. "ನಿನ್ನನ್ನ ಅಷ್ಟು ಇಷ್ಟಪಡ್ತೀನಿ ದಾನ್‌ಬಿ."

ಅವಳು ಅವನ ತಣ್ಣನೆಯ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡಳು.

"ಇನ್ಮೇಲೆ ಉಸಿರು ಹಿಡೀಬೇಡ. ನಾನು ಮೇಲೆ ಬಂದೇ ಬರ್ತೀನಿ."

"ಯಾರ ಹತ್ರ?"

"ಇನ್ಯಾರ ಹತ್ರ... ನಿನ್ನ ಹತ್ರಾನೇ ಕಣೋ, ದಡ್ಡ!"